ಚಿಕ್ಕಮಾದಯ್ಯನವರ ಸೀಟಿ ಮತ್ತು ಒಂದು ಮುದ್ದೆ

ಚಿಕ್ಕಮಾದಯ್ಯನವರನ್ನು ನಾನು ಮೊದಲು ಕಂಡದ್ದು ಅವರು ಎಮ್ಮೆಗಳಿಗೆ ಸೀಟಿ ಊದುತ್ತಿದ್ದಾಗ. ಗುಂಡ್ಲುಪೇಟೆಯ ಕಾಲೇಜಿಗೆ ಕನ್ನಡ ಅಧ್ಯಾಪಕನಾಗಿ ನಾನು ಬಂದ ದಿನ, ೧೯೯೧ರ ಜೂನ್. ಮೈದಾನದ ನಡುವೆ ಎಮ್ಮೆಗಳು ಮೇಯುತ್ತಿದ್ದವು.

"ಆಫ್‌ಸೈಡ್ ಕಣ್ರವ್ವಾ, ಅತ್ಲಾಗೋಗಿ!" ಎಂದು ಅವುಗಳನ್ನು ಅಟ್ಟಿ ನನ್ನ ಕಡೆ ತಿರುಗಿದರು. "ನಮ್ಮ ಉಡುಗ್ರಿಗಿಂತ ಇವೇ ವಾಸಿ ಸಾರ್, ಏಳಿದ್ ಮಾತ್ ಕೇಳ್ತವೆ."

ತೆರಕಣಾಂಬಿಯವರಾದ ಅವರು ನಮ್ಮ ಫುಟ್‌ಬಾಲ್ ತಂಡದ ತರಬೇತುದಾರರು.

ಮರುವರ್ಷ ಚಾಮರಾಜನಗರದಲ್ಲಿ ಪಂದ್ಯಾವಳಿ. ಹಿಂದಿನ ದಿನ ನಮ್ಮ ಮುಖ್ಯ ಆಟಗಾರ, ಚಂದಕವಾಡಿಯ ರಾಜಣ್ಣನ ಕಾಲು ಉಳುಕಿತು. ಚಿಕ್ಕಮಾದಯ್ಯನವರು ಕಾಲೇಜಿಗೆ ತಿಳಿಸದೆ, ಕೇರಳದ ಸುಲ್ತಾನ್ ಬತ್ತೇರಿಯ ಲಾರಿ ಕ್ಲೀನರ್ ಒಬ್ಬನ ಹಣೆಗೆ ವಿಭೂತಿ ಬಳಿದು, ರಾಜಣ್ಣನ ಹೆಸರಿನಲ್ಲಿ ಆಟಕ್ಕೆ ಇಳಿಸಿಬಿಟ್ಟರು. ಬಾಯಿ ಬಿಡಕೂಡದೆಂದು ಅವನಿಗೆ ಕಟ್ಟಪ್ಪಣೆ. ಬೆಳಗಿನ ಪಂದ್ಯದಲ್ಲಿ ಅವನು ಎರಡು ಗೋಲು ಹೊಡೆದ.

ಎಡವಟ್ಟಾದದ್ದು ಊಟದ ಪಂಕ್ತಿಯಲ್ಲಿ. ಮುದ್ದೆ, ಹುರುಳಿ ಸಾರು. ಬಡಿಸುತ್ತಿದ್ದ ಸುಂದ್ರಮ್ಮ ಅವನೆದುರು ನಿಂತುಬಿಟ್ಟರು.

"ಚಂದಕವಾಡಿ ಉಡ್ಗ ಅಂತಾರೆ, ಮುದ್ದೆಯ ಅಗೀತಾ ಕೂತಿದ್ದೀಯಲ್ಲಪ್ಪಾ! ನುಂಗಾದ ನಿಮ್ಮವ್ವ ಕಲಿಸ್ನಿಲ್ವಾ?"

ಗಾಬರಿಯಲ್ಲಿ ಹಿಟ್ಟು ಗಂಟಲಿಗೆ ಸಿಕ್ಕಿ, ಅವನು "ವೆಳ್ಳಂ, ವೆಳ್ಳಂ" ಎಂದು ನೀರು ಕೇಳಿದ. ಇಡೀ ಪಂಕ್ತಿ ತಿರುಗಿ ನೋಡಿತು.

ತಂಡ ಹೊರಬಿತ್ತು. ಚಿಕ್ಕಮಾದಯ್ಯನವರ ಕೆಲಸ ಹೋಯಿತು. ಏನೂ ಅರಿಯದ ರಾಜಣ್ಣನಿಗೂ ಒಂದು ವರ್ಷ ಆಟವಿಲ್ಲ. ಚಿಕ್ಕಮಾದಯ್ಯನವರು ಊರಿನಲ್ಲಿ ಅರಿಸಿನ ಬೆಳೆಯತೊಡಗಿದರು. ಬಸ್ ನಿಲ್ದಾಣದಲ್ಲಿ ಹುಡುಗರು "ವೆಳ್ಳಂ ಬೇಕಾ ಸಾರ್?" ಎಂದು ಕೆಣಕಿದರೆ ತಲೆ ತಗ್ಗಿಸಿ ನಡೆಯುತ್ತಿದ್ದರು.

ಎರಡು ವರ್ಷ ತಂಡಕ್ಕೆ ಹೇಳಿಕೊಡುವವರೇ ಇರಲಿಲ್ಲ. ಅವರನ್ನೇ ಮತ್ತೆ ಕರೆಸುವ ಮಾತು ಬಂದಾಗ ಪ್ರಾಂಶುಪಾಲ ಶಿವಸ್ವಾಮಿಯವರು ಸಭೆಯಲ್ಲಿ, "ಮೋಸ ಮಾಡಿದ ಕೈಗೆ ಮತ್ತೆ ಸೀಟಿಯೇ?" ಎಂದರು. ಬಾಗಿಲ ಬಳಿ ನಿಂತಿದ್ದ ರಾಜಣ್ಣ ಒಳಗೆ ಬಂದ.

"ಅವತ್ತು ಅವ್ರು ನನ್ನೆಸ್ರ ಕೇಳ್ದೆ ತಗಂಡ್ರು ಸಾರ್. ಇವತ್ತು ನಾನು ಕೇಳ್ತಾವ್ನಿ, ಅವ್ರನ್ನ ಕೊಡಿ."

ಶಿವಸ್ವಾಮಿಯವರು, "ಒಂದು ಪಂದ್ಯ ನೋಡೋಣ. ನಮ್ಮ ಹುಡುಗರೇ ಆಡಬೇಕು. ತಪ್ಪಿದರೆ ಅವತ್ತಿಗೇ ಮುಗಿಯಿತು" ಎಂದರು.

ಪಂದ್ಯ ಮತ್ತೆ ಚಾಮರಾಜನಗರದಲ್ಲೇ. ಒಬ್ಬನಿಗೆ ಜ್ವರ ಬಂದು ನಮ್ಮವರು ಹತ್ತೇ ಮಂದಿ ಉಳಿದರು. ಆಟ ನೋಡಲು ಬಂದಿದ್ದ ಬತ್ತೇರಿಯ ಕ್ಲೀನರ್ ಗೆರೆಯಾಚೆ ಹಲ್ಲು ಕಿರಿಯುತ್ತ ನಿಂತಿದ್ದ.

"ಕರೀರಿ ಸಾರ್, ಯಾರಿಗ್ ಗೊತ್ತಾಯ್ತದೆ?" ಎಂದ ನಮ್ಮ ಹುಡುಗನೊಬ್ಬ.

ಚಿಕ್ಕಮಾದಯ್ಯನವರು ಅವನನ್ನು ನೋಡಿದರು. ಅಡುಗೆಯ ಹೊಗೆಯ ಕಡೆ ನೋಡಿದರು.

"ಬ್ಯಾಡ ಕಣ್ರಲಾ. ಇವತ್ತೂ ಮುದ್ದೇನೆ ಅಂತೆ."

ಹತ್ತೇ ಜನ ಆಡಿ ಮೂರು ಗೋಲುಗಳಿಂದ ಸೋತೆವು. ಮರುದಿನ ಶಿವಸ್ವಾಮಿಯವರು ಸೀಟಿಯನ್ನು ತಾವೇ ಅವರ ಕೊರಳಿಗೆ ಹಾಕಿದರು.

ಈಗ ನಾನು ನಿವೃತ್ತ. ಅವರು ಇನ್ನೂ ಮೈದಾನದಲ್ಲಿದ್ದಾರೆ. ಈ ವರ್ಷ ಗುಂಡ್ಲುಪೇಟೆಯಲ್ಲೇ ನೆಲೆಸಿದ ಮಲಯಾಳಿ ಮನೆಯ ಹುಡುಗನೊಬ್ಬ ತಂಡ ಸೇರಿದ್ದಾನೆ. ಮೊನ್ನೆ ಪಂದ್ಯದ ಊಟಕ್ಕೆ ನಾನೂ ಹೋಗಿದ್ದೆ. ಮುದ್ದೆ ಕಂಡು ಅವನು ಹಿಂಜರಿದ.

"ನಿನ್ನೆಸ್ರು ನಿಂದೇ ಅಲ್ವೇನ್ಲಾ? ಎದರ್ಬ್ಯಾಡ, ಅಗ್ದೇ ತಿನ್ನು" ಎನ್ನುತ್ತ ಚಿಕ್ಕಮಾದಯ್ಯನವರು ಅವನ ಮುಂದೆ ನೀರಿನ ಲೋಟ ಇಟ್ಟರು.