ಹೊಸ್ತಿಲ ಕೆಳಗಿನ ಬೆಳ್ಳಿ ರೂಪಾಯಿ

ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ ಇಟ್ಟುಕೊಂಡಿರುವ ಚಿನ್ನಸ್ವಾಮಿಗೆ ಹಳೆಯ ಬೆಳ್ಳಿ ನಾಣ್ಯಗಳ ಹುಚ್ಚು. ಅದರಿಂದ ಅವನಿಗೆ ಸಂತೋಷಕ್ಕಿಂತ ತಲೆನೋವೇ ಹೆಚ್ಚು. ಈ ಸೀಮೆಯ ಜನ ಒಂದು ನಾಣ್ಯವನ್ನಾದರೂ ಇದ್ದ ಹಾಗೆ ಬಿಟ್ಟಿದ್ದರೆ ಕೇಳಿ. ರಾಣಿಯ ಮುಖದ ರೂಪಾಯಿ ಸಿಕ್ಕರೆ ಸಾಕು, ನೆತ್ತಿಗೆ ಕೊಂಡಿ ಬೆಸೆಸಿ ಮಗುವಿನ ಕೊರಳಿಗೆ ಕಟ್ಟುತ್ತಾರೆ. ಕಟ್ಟದೆ ಉಳಿದದ್ದನ್ನು ಲಕ್ಷ್ಮಿಪೂಜೆಗೆಂದು ವರ್ಷ ವರ್ಷವೂ ಹುಣಸೆಹಣ್ಣು ಹಾಕಿ ತಿಕ್ಕಿ ರಾಣಿಯ ಮೂಗನ್ನೇ ಸವೆಸಿರುತ್ತಾರೆ. ಅಂಥದ್ದನ್ನು ತಂದಾಗಲೆಲ್ಲ ಚಿನ್ನಸ್ವಾಮಿ ಹೆಂಡತಿ ಆದಿಲಕ್ಷ್ಮಮ್ಮನನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದ. "ಕೊಂಡಿ ಹಾಕಿದ್ರೋ, ಅದು ಕೆಟ್ಟ ಕಾಸು. ಉಜ್ಜಿದ್ರೋ, ಅದೂ ಕೆಟ್ಟ ಕಾಸು."

ಅವನ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಕಾಸು ಒಂದೇ, ಟಿಪ್ಪು ಕಾಲದ ಬೆಳ್ಳಿ ರೂಪಾಯಿ. ದೇವನಹಳ್ಳಿ ಕಡೆಯ ದೊಡ್ಡಬೀರಪ್ಪನ ಹಳೆಯ ಮನೆಯನ್ನು ರಸ್ತೆಗೆಂದು ಕೆಡವಿದಾಗ ಹೊಸ್ತಿಲ ಕೆಳಗೆ ಸಿಕ್ಕಿದ್ದು. ಕಪ್ಪಗಾಗಿತ್ತು, ಆದರೆ ಒಂದಕ್ಷರವೂ ಸವೆದಿರಲಿಲ್ಲ. ಮುದುಕ ಅದನ್ನು ಚಿನ್ನಸ್ವಾಮಿಯ ಕೈಗಿಟ್ಟ, ದುಡ್ಡು ಮಾತ್ರ ಮುಟ್ಟಲಿಲ್ಲ. "ನಮ್ಮನೇದು ಅಂತ ಉಳಿದಿರೋದು ಇದೊಂದೇ. ಮಾರ್ಬೇಡ, ಆಗಾಗ ಬಂದು ನೋಡ್ಕೊಂಡು ಹೋಗ್ತೀನಿ" ಎಂದಿದ್ದ. ಹಾಗೇ ಬರುತ್ತಲೂ ಇದ್ದ.

ಈಗ ಚಿನ್ನಸ್ವಾಮಿ ಹೊಸ ಮನೆ ಕಟ್ಟಿಸುತ್ತಿದ್ದಾನೆ. ಬಾಗಿಲು ನಿಲ್ಲಿಸುವ ಪೂಜೆಯ ದಿನವೇ ಹಾಳು ಮಿಷನ್ ಕೈಕೊಟ್ಟಿತು. ಮುಹೂರ್ತ ಕಾಯುವುದಿಲ್ಲವಲ್ಲ. ಅವನು ಎಣ್ಣೆ ಕೈಯಲ್ಲೇ ಓಡಿ ಬರುವಷ್ಟರಲ್ಲಿ ಬಾಗಿಲು ನಿಂತು, ಕೆಳಗೆ ಸಿಮೆಂಟೂ ಬಿದ್ದಿತ್ತು. ಹೊಸ್ತಿಲಡಿಗೆ ಏನು ಹಾಕಿದೆ ಎಂದು ಹೆಂಡತಿಯನ್ನು ಕೇಳಿದ.

"ನವಧಾನ್ಯ, ಅರಿಶಿನ ಕುಂಕುಮ, ನಿಮ್ಮ ಪೆಟ್ಟಿಗೇಲಿದ್ದ ಒಂದು ಬೆಳ್ಳಿ ಕಾಸು."

ಅವನು ಓಡಿಹೋಗಿ ಪೆಟ್ಟಿಗೆ ತೆಗೆದರೆ ಟಿಪ್ಪು ರೂಪಾಯಿಯ ಜಾಗ ಖಾಲಿ.

"ಪೆಟ್ಟಿಗೆ ತುಂಬ ಕಾಸಿತ್ತಲ್ಲೇ, ಇದೇ ಬೇಕಿತ್ತಾ?"

"ಮಿಕ್ಕಿದ್ದೆಲ್ಲ ಕೆಟ್ಟ ಕಾಸು ಅಂತ ನೀವೇ ಅಲ್ವಾ ಬಡ್ಕೊಂಡಿದ್ದು? ಹೊಸ ಮನೆ ಹೊಸ್ತಿಲಿಗೆ ಕೆಟ್ಟದ್ದು ಹಾಕೋಕಾಗುತ್ತಾ?"

ಚಿನ್ನಸ್ವಾಮಿ ಪೆಟ್ಟಿಗೆಯ ಮುಚ್ಚಳವನ್ನು ದಬಕ್ಕನೆ ಮುಚ್ಚಿದ.

ಮರುದಿನ ಬೆಳಿಗ್ಗೆಯೇ ಮೇಸ್ತ್ರಿಯನ್ನು ಹಾರೆ ಸಮೇತ ಕರೆಸಿದ. ನಿಲ್ಲಿಸಿದ ಬಾಗಿಲನ್ನು ಯಾರಾದರೂ ಕೀಳಿಸುತ್ತಾರಾ ಎಂದು ಆದಿಲಕ್ಷ್ಮಮ್ಮ ಅಡ್ಡ ನಿಂತಳು. ಆ ಜಗಳದ ನಡುವೆ ಕೋಲೂರಿಕೊಂಡು ದೊಡ್ಡಬೀರಪ್ಪ ಬಂದ.

"ನಿನ್ನೆ ಪೂಜೆಗೆ ಬರೋಕಾಗ್ಲಿಲ್ಲ ಕಣಪ್ಪ. ಎಲ್ಲಿ, ನಮ್ಮನೆ ಕಾಸು ತೋರ್ಸು."

ಚಿನ್ನಸ್ವಾಮಿ ತಲೆ ಎತ್ತಲಿಲ್ಲ. "ಇವ್ಳು ಗೊತ್ತಿಲ್ದೆ ಹೊಸ್ತಿಲ ಕೆಳಗೆ ಹಾಕ್ಬಿಟ್ಟಿದಾಳೆ ಕಣಣ್ಣ. ಇವತ್ತೇ ತೆಗಿಸ್ತೀನಿ."

ಮುದುಕ ಹಾರೆ ನೋಡಿದ, ಬಾಗಿಲು ನೋಡಿದ. ಚಪ್ಪಲಿ ಬಿಟ್ಟು, ಕಷ್ಟಪಟ್ಟು ಬಗ್ಗಿ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಈಗಿರೋ ಬಾಡಿಗೆ ಮನೇಲಿ ಹೊಸ್ತಿಲೇ ಇಲ್ಲ ಕಣಪ್ಪ. ಬರೀ ಟೈಲ್ಸು" ಎಂದ. ಆಮೇಲೆ ಹೊಸ್ತಿಲು ತುಳಿಯದೆ, ಬಲಗಾಲಿಟ್ಟು, ಇನ್ನೂ ಸೂರಿಲ್ಲದ ಆ ಮನೆಯೊಳಗೆ ಹೋಗಿ ಗೋಡೆ ಸವರುತ್ತಾ ನಿಂತ.

ಹಾರೆ ಎತ್ತಿಕೊಂಡು ಹೋಗಪ್ಪಾ ಎಂದು ಚಿನ್ನಸ್ವಾಮಿ ಮೇಸ್ತ್ರಿಗೆ ಹೇಳಿದ. ಪೆಟ್ಟಿಗೆಯಲ್ಲಿ ಇನ್ನು ಬರೀ ಕೆಟ್ಟ ಕಾಸು ಎಂದು ಅವನ ಹೊಟ್ಟೆ ಇನ್ನೂ ಉರಿಯುತ್ತಲೇ ಇತ್ತು.