ಒಂದು ನೂಲು, ಎರಡು ಬದಿ

ಬೀಜಾಡಿಯ ನಮ್ಮ ಪಕ್ಕದ ಮನೆಯ ಹರಿಣಾಕ್ಷಿ ಉಡುಪಿ ಕಡೆಯ ಪ್ರಯೋಗಾಲಯದಲ್ಲಿ ನೂಲು ತೆಗೆಯುತ್ತಾಳೆಂದು ಕೇಳಿ, ಕೇರಿಯ ಅಮ್ಮಣ್ಣಿ ಗಲ್ಲಕ್ಕೆ ಕೈಯಿಟ್ಟಳು. ಅಷ್ಟು ಓದಿ ನೂಲು ತೆಗೆಯುವುದೇ? ನನಗೆ ಸಿಟ್ಟು ಬಂತು. ಅದು ಸೀರೆಯ ನೂಲಲ್ಲ, ಕೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ಔಷಧದ ನೂಲು ಎಂದು ವಿವರಿಸಿದೆ. ಅವಳ ಕೈ ಗಲ್ಲದಿಂದ ಇಳಿಯಲಿಲ್ಲ. ಇದು 2013ರ ಮಾತು.

ಹರಿಣಾಕ್ಷಿಯ ತಾಯಿ ಜಲಜ ಮೀನು ಮಾರುವವಳು. ಉಪ್ಪುನೀರು, ಮಂಜುಗಡ್ಡೆ, ಮೀನಿನ ಮುಳ್ಳು ಎಲ್ಲ ಸೇರಿ ಬೆರಳ ಸಂದಿಯ ಗಾಯ ಮಾಯಲು ಬಿಡುವುದಿಲ್ಲ. ಹಚ್ಚಿದ ಮುಲಾಮು ಮೊದಲ ಬುಟ್ಟಿಗೇ ತೊಳೆದುಹೋಗುತ್ತದೆ. ಅದಕ್ಕೇ ಮಗಳು ಎರಡು ಬದಿಯ ನೂಲಿನ ಹಿಂದೆ ಬಿದ್ದದ್ದು. ಅಂಥ ನೂಲಿನ ಪಟ್ಟಿ ಗಾಯದ ಮೇಲೆ ಕೂತರೆ ಒಂದು ಬದಿ ಕೂಡಲೇ ಕರಗಿ ನೋವು ತಗ್ಗಿಸಬೇಕು, ಇನ್ನೊಂದು ದಿನಗಟ್ಟಲೆ ಸ್ವಲ್ಪಸ್ವಲ್ಪವೇ ಔಷಧ ಬಿಡಬೇಕು.

ಎರಡು ಸಿರಿಂಜಿನ ಎರಡು ದ್ರಾವಣ ಅಕ್ಕಪಕ್ಕ ಕೂರಿಸಿದ ಜೋಡಿಸೂಜಿಯ ತುದಿಯಲ್ಲಿ ಕೂಡಿ, ಸಾವಿರಾರು ವೋಲ್ಟಿನ ಸೆಳೆತಕ್ಕೆ ಒಂದೇ ನೂಲಾಗಿ ಎದುರಿನ ಲೋಹದ ಹಾಳೆಗೆ ಹಾರಬೇಕು. ಹಾರಿತೇನೋ ಸರಿ, ಎರಡಾಗಿ. ಎರಡಕ್ಕೂ ಒಂದೇ ಬಗೆಯ ವಿದ್ಯುತ್ತು ತುಂಬಿದ್ದರಿಂದ ಒಂದನ್ನೊಂದು ದೂರ ತಳ್ಳುತ್ತಿದ್ದವು. ಮಳೆಗಾಲ ಮುಗಿಯುವುದರೊಳಗೆ ಆಗದಿದ್ದರೆ ವಿಷಯ ಬದಲಿಸು ಎಂದರು ಗೈಡ್ ಸುಧಾಕರ ಸರ್. ಹರಿಣಾಕ್ಷಿ ಮನೆಗೆ ಬಂದವಳು ಊಟ ಬಿಟ್ಟು ಜಗಲಿಯಲ್ಲಿ ಕೂತಳು.

ಕೈಕಟ್ಟಿ ಕೂರುವ ಮನೆಯಲ್ಲ ಅದು. ಪಕ್ಕದಲ್ಲಿದ್ದ ಹರಿದ ಬಲೆಯನ್ನು ಅವಳ ಕೈ ತಾನಾಗಿಯೇ ಹೆಣೆಯತೊಡಗಿತು. ಎಳೆದಷ್ಟೂ ಬಿಗಿಯುವ ಗಂಟು. ಹಾಕುತ್ತಾ ಹಾಕುತ್ತಾ ಒಮ್ಮೆಲೇ ಎದ್ದು ಬಲೆಯ ನೈಲಾನ್ ದಾರವನ್ನು ಚೀಲಕ್ಕೆ ತುರುಕಿಕೊಂಡಳು.

ಮರುದಿನ ಜೋಡಿಸೂಜಿಗಳನ್ನು ತುದಿಯವರೆಗೂ ಆ ದಾರದಿಂದ ಸುತ್ತಿ ಅದೇ ಗಂಟು ಬಿಗಿದಳು. ನಡುವಿನ ಸಂದು ಮುಚ್ಚಿತು. ನೈಲಾನಿನಲ್ಲಿ ವಿದ್ಯುತ್ತು ಹರಿಯದ ಕಾರಣ ಸೂಜಿಗಳ ಹೊರಬದಿಯ ಸೆಳೆತ ತಗ್ಗಿ, ಹನಿಗಳು ಆಚೀಚೆ ಸರಿಯದೆ ಅಂಟಿಕೊಂಡೇ ಹೊರಟವು. ದೊಡ್ಡ ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಒಂದೇ ನೂಲು, ನಡುವೆ ಸಣ್ಣ ಗೀರು. ಪರೀಕ್ಷೆಗೆಂದು ಔಷಧದ ಬದಲು ಬಣ್ಣ ಬೆರೆಸಿದ ನೂಲನ್ನು ನೀರಿಗೆ ಹಾಕಿದರೆ ಒಂದು ಬದಿಯ ಕೆಂಪು ಬಣ್ಣ ಆಗಲೇ ಬಿಟ್ಟಿತು, ಇನ್ನೊಂದರ ಹಸಿರು ವಾರ ಕಳೆದರೂ ಬಿಡುತ್ತಲೇ ಇತ್ತು. ವಿಷಯ ಬದಲಿಸು ಎಂದಿದ್ದ ಸರ್ ಎಲ್ಲರಿಗೂ ಗೋಳಿಬಜೆ ತರಿಸಿದರು. ನಾನಂತೂ ಸುದ್ದಿ ಕೇಳಿ ಕೇರಿಯಿಡೀ ಸುತ್ತಿಬಂದೆ, ಅಮ್ಮಣ್ಣಿಯ ಮನೆಗೆ ಮೊದಲು.

ತೋರಿಸಲೆಂದು ಮಗಳು ತಂದ, ಬಣ್ಣ ಬೆರೆಸದ ನೂಲಿನ ಬಿಳಿ ಚೂರನ್ನು ಕಂಡು ಜಲಜ ಕೈ ಚಾಚಿದಳು.

"ಇದನ್ನ್ ಈಗ್ಳೇ ಮನ್ಶರಿಗೆ ಹಾಕೂಕಾತಿಲ್ಲೆ ಅಬ್ಬೀ," ಎಂದಳು ಹರಿಣಾಕ್ಷಿ. "ಪರೀಕ್ಷೆ ಮುಗೂಕೆ ವರ್ಷಗಟ್ಲೆ ಬೇಕ್."

ಜಲಜ ತನ್ನ ಬೆರಳುಗಳನ್ನು ತಿರುಗಿಸಿ ನೋಡಿಕೊಂಡಳು. "ಅಡ್ಡಿಲ್ಲೆ ಮಗಾ. ಅಲ್ಲಿವರಿಗೆ ಈ ಗಾಯ ಗುಣ ಆಪ್ದ್ ಬ್ಯಾಡ."