ಅಜ್ಜಿ ಮೇಣ ಹಚ್ಚಿದ ತಾಯತ

ಹುಟ್ಟುಹಬ್ಬದ ಕೇಕಿನ ಮೇಲಿನ ಮೇಣದಬತ್ತಿ ಊದಿದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆ ಸುಟ್ಟ ಬತ್ತಿಯ ವಾಸನೆಗೆ ನನಗೆ ಮಾತ್ರ ಸಾರಕ್ಕಿಯ ನಮ್ಮ ಹೆಂಚಿನ ಮನೆ, ದೇವರ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತ ಅಜ್ಜಿ ನೆನಪಾಗಿ ನಗು ಬರುತ್ತದೆ. ನಿಮ್ಮ ಮನೆಯಲ್ಲೂ ಇಂಥ ಅಜ್ಜಿ ಇದ್ದಿದ್ದರೆ ನಿಮಗಿದು ಗೊತ್ತು. ಆ ಮನೆ, ಕೊಟ್ಟಿಗೆ, ಹಿತ್ತಿಲ ಸೀಬೆಮರ ಎಲ್ಲ ಹೋಗಿ ಅಲ್ಲೀಗ ಅಪ್ಪ ಕಟ್ಟಿಸಿದ ಬಾಡಿಗೆ ಮನೆಗಳ ಸಾಲು ನಿಂತಿದೆ.

ನನ್ನ ತಮ್ಮ ಮಂಜ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದ. "ಈ ಸಲಾನೂ ಹೋದ್ರೆ ಓದು ಸಾಕು, ನಾನು ಕಟ್ಟಿಸೋ ಬಾಡಿಗೆ ಮನೆಗಳಿಗೆ ನೀರಿನ ಮೋಟ್ರು ಹಾಕ್ಕೊಂಡು ಬಿದ್ದಿರು" ಎಂದು ಅಪ್ಪ ಗದರಿದ್ದ. ಮಂಜನಿಗೋ ಐಟಿಐ ಸೇರಿ ಬೈಕ್ ರಿಪೇರಿ ಕಲಿಯುವ ಹುಚ್ಚು. ಅದಕ್ಕೇ ಸೂತ್ರಗಳನ್ನೆಲ್ಲ ಚೀಟಿಗಿಳಿಸಿ, ಬೀಡಿಗಿಂತ ಸಣ್ಣಗೆ ಸುತ್ತಿ ದಾರ ಕಟ್ಟಿದ. ಅಷ್ಟಕ್ಕೇ ಸುಮ್ಮನಿರಬಾರದೇ? ಪರೀಕ್ಷೆಯ ದಿನ ಪೆನ್ನು, ಹಾಲ್ ಟಿಕೆಟ್ ದೇವರ ಮುಂದಿಡುವುದು ನಮ್ಮ ಮನೆಯ ಪದ್ಧತಿ. ಈ ಮಹಾಭಕ್ತ, ಸಿಕ್ಕಿಬೀಳದಂತೆ ದೇವರೇ ಕಾಯಲೆಂದು ಚೀಟಿಗಳನ್ನೂ ಅಲ್ಲೇ ಇಟ್ಟು ಸ್ನಾನಕ್ಕೆ ಹೋದ.

ಓದು ಬರದ ಅಜ್ಜಿ ಅವನ್ನು ಪೂಜಾರಿ ಬರೆದುಕೊಟ್ಟ ಯಂತ್ರವೆಂದುಕೊಂಡಳು. ತಾಮ್ರದ ತಾಯತದೊಳಗೆ ತುರುಕಿ, ಮೇಣ ಕರಗಿಸಿ, ಹೆಬ್ಬೆರಳಲ್ಲಿ ಒತ್ತಿ ಬಾಯಿ ಮುಚ್ಚಿ, ಒದ್ದೆ ಮೈಯಲ್ಲಿ ಬಂದವನ ತೋಳಿಗೆ ಕಟ್ಟಿಯೇಬಿಟ್ಟಳು. "ಬಿಚ್ಚಿದ್ರೆ ನನ್ಮೇಲಾಣೆ ಕಣ್ಲಾ!"

ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಮೇಷ್ಟ್ರು ಅವನ ಜೇಬು, ಕಾಲುಚೀಲವೆಲ್ಲ ತಡಕಿ, ತಾಯತ ಕಂಡದ್ದೇ ಕಣ್ಣಿಗೊತ್ತಿಕೊಂಡು ಒಳಗೆ ಬಿಟ್ಟರಂತೆ.

"ಉತ್ತರ ಎಲ್ಲಾ ತೋಳಲ್ಲೇ ಇತ್ತು ಕಣಕ್ಕಾ!" ಎಂದು ಮನೆಗೆ ಬಂದು ಗೋಳಾಡಿದ.

"ಕೈವಾರದ ಮೊನೇಲಿ ಮೇಣ ಕೆರೆಯೋದಲ್ವೇನೋ, ಗೂಬೆ?"

"ಕೆರೆಯಕ್ಕೆ ಹೋದೆ. ಅಜ್ಜಿಗೇನಾದ್ರೂ ಆಗ್ಬಿಟ್ಟಿದ್ರೆ?"

ಮತ್ತೆ ಫೇಲಾದ. "ತಾಯತ ಇಲ್ದಿದ್ರೆ ಅಷ್ಟು ಮಾರ್ಕ್ಸೂ ಬರ್ತಿರ್ಲಿಲ್ಲ" ಎಂದು ಅಜ್ಜಿ ಬೀದಿಗೆಲ್ಲ ಹೇಳಿಕೊಂಡು ಬಂದಳು. ಮಂಜ ಪಕ್ಕದಲ್ಲಿ ನಿಂತು ಹೂಂಗುಟ್ಟಿದ. ಅಪ್ಪ ತನ್ನ ಮಾತು ಉಳಿಸಿಕೊಂಡ.

ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಮೊನ್ನೆ ತವರಿಗೆ ಹೋದಾಗ, ತಲೆ ನರೆತ ಮಂಜ ಮೋಟ್ರು ಹಾಕುತ್ತಿದ್ದ. ಸ್ವಿಚ್ಚಿನ ಮೇಲಿನ ಮೊಳೆಯಲ್ಲಿ ಅದೇ ತಾಯತ ನೇತಾಡುತ್ತಿತ್ತು.

"ಈಗ ಅಜ್ಜಿನೇ ಇಲ್ವಲ್ಲೋ, ಬಿಚ್ಚಿದ್ರೆ ಯಾರಿಗೇನಾಗತ್ತೆ?" ಎಂದೆ.

ಅವನು ಅದನ್ನು ಇಳಿಸಿ ಬೆಳಕಿಗೆ ಹಿಡಿದ. "ನೋಡಕ್ಕಾ, ಅಜ್ಜಿ ಹೆಬ್ಬೆಟ್ಟಿನ ಗೆರೆ ಇನ್ನೂ ಇದೆ."

ಮೇಲೆ ಟ್ಯಾಂಕ್ ತುಂಬಿ ನೀರು ಸುರಿಯತೊಡಗಿತು. ಇಬ್ಬರಿಗೂ ಮೋಟ್ರು ಆರಿಸಬೇಕೆಂದು ತೋಚಲಿಲ್ಲ.